ಯಾವುದರಲ್ಲಿ ದುಡ್ಡು ಕೈಯಲ್ಲಿ ನಿಲ್ಲುತ್ತದೆ? ನೋಟು, ಕಾರ್ಡು, ಫೋನು ಮೂರನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನಾನು ನಗದಿನ ಭಕ್ತನಲ್ಲ. ಫೋನಿನಲ್ಲೇ ದುಡ್ಡು ಕೊಡಬಹುದು ಅಂತಾದ ಮೇಲೆ ಪರ್ಸು ಎಲ್ಲಿಟ್ಟೆ ಅಂತಲೇ ಮರೆತವನು. ಆದರೆ ಕಳೆದ ವರ್ಷ ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ಸಂಪಾದನೆ ಹೆಚ್ಚಿದೆ, ತಿಂಗಳ ಕೊನೆಗೆ ಉಳಿಯೋದು ಮಾತ್ರ ಮೊದಲಿನಷ್ಟೇ, ಕೆಲವು ತಿಂಗಳು ಅದಕ್ಕಿಂತಲೂ ಕಡಿಮೆ. ದೊಡ್ಡ ಖರ್ಚು ಅಂತ ಒಂದೂ ಇಲ್ಲ. ತಲೆ ಕೆಟ್ಟಿದ್ದೇ ಅದಕ್ಕೆ. ಹೆಂಡತಿಗೆ ತೋರಿಸಿದರೆ, "ಎಲ್ಲಿ ಹೋಯಿತು ಅಂತ ಆ ಫೋನನ್ನೇ ಕೇಳಿ, ಅದಕ್ಕೇ ಗೊತ್ತು" ಅಂದಳು.

ಹಾಗಾಗಿ ಮೂರು ತಿಂಗಳು, ಮೂರು ದಾರಿ. ಮನೆಯ ದಿನದ ಖರ್ಚೆಲ್ಲ ಮೊದಲ ತಿಂಗಳು ನೋಟಿನಲ್ಲಿ, ಎರಡನೇ ತಿಂಗಳು ಕ್ರೆಡಿಟ್ ಕಾರ್ಡಿನಲ್ಲಿ, ಮೂರನೇ ತಿಂಗಳು ಫೋನಿನಲ್ಲಿ. ಬಾಡಿಗೆ, ಫೀಸು, ಸಾಲದ ಕಂತು ಇವನ್ನು ಪಕ್ಕಕ್ಕಿಟ್ಟೆ, ಹೇಗೆ ಕೊಟ್ಟರೂ ಅವು ಅಷ್ಟೇ ತಾನೆ. ಜೊತೆಗೆ ನನ್ನದೊಂದು ಸಣ್ಣ ರಿಪೇರಿ ವರ್ಕ್‌ಶಾಪ್ ಇದೆ. ಅಲ್ಲಿ ಮೂರೂ ಬಗೆಯ ದುಡ್ಡು ಬರುತ್ತದೆ, ಅದರ ಕಥೆಯೇ ಬೇರೆ, ಆಮೇಲೆ ಹೇಳುತ್ತೇನೆ.

ನೋಟಿನ ತಿಂಗಳು ಶುರುವಾದದ್ದು ನಾಲ್ಕು ಲಕೋಟೆಯಿಂದ. ದಿನಸಿ, ಓಡಾಟ, ಮಕ್ಕಳು, ಮೇಲ್ಖರ್ಚು. ಒಂದನೇ ತಾರೀಖು ದುಡ್ಡು ತೆಗೆದು ಹಂಚಿಟ್ಟೆ, ಲಕೋಟೆ ಖಾಲಿಯಾದರೆ ಆ ತಿಂಗಳಿಗೆ ಅಷ್ಟೇ ಅಂತ ನಿಯಮ. ಹಳೇ ಪದ್ಧತಿ, ಹೊಸದೇನಲ್ಲ. ಮೊದಲ ವಾರ ರಾಜನ ಹಾಗೆ ಇದ್ದೆ, ದಪ್ಪ ಲಕೋಟೆ ಕಂಡರೆ ಯಾರಿಗೆ ಧೈರ್ಯ ಬರೋದಿಲ್ಲ ಹೇಳಿ. 19ನೇ ತಾರೀಖು ಮೇಲ್ಖರ್ಚಿನ ಲಕೋಟೆ ಬಿಚ್ಚಿದರೆ ಒಳಗೆ ಎರಡು ನೋಟು, ಒಂದು ನಾಣ್ಯ. ಆ ಎರಡರಲ್ಲಿ ಒಂದು ನಡುವೆ ಟೇಪು ಹಚ್ಚಿದ್ದು, ಯಾರೋ ನನಗೆ ದಾಟಿಸಿದ್ದು, ನಾನೂ ಯಾರಿಗಾದರೂ ದಾಟಿಸೋಣ ಅಂತ ಸಮಯ ನೋಡುತ್ತಿದ್ದದ್ದು. ಅವತ್ತು ಹೊಸ ಹೆಡ್‌ಫೋನ್ ತಗೊಳ್ಳೋಣ ಅಂತ ಹೊರಟಿದ್ದೆ. ಲಕೋಟೆ ಮಡಚಿಟ್ಟು ಸುಮ್ನೆ ಕೂತೆ. ಯಾರೂ ಬೇಡ ಅನ್ನಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಲಕೋಟೆ ತೆಳ್ಳಗಿತ್ತು, ಅಷ್ಟೇ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಎಂಐಟಿಯಲ್ಲಿ ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಅಂತ ಇಬ್ಬರು, 2001ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಎಂಬಿಎ ವಿದ್ಯಾರ್ಥಿಗಳ ಮುಂದೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗಿಟ್ಟು, ಕೆಲವರಿಗೆ ನಗದು ಕೊಡಬೇಕು ಅಂದರು, ಉಳಿದವರಿಗೆ ಕಾರ್ಡು ಅಂದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರದಕ್ಕಿಂತ ಸುಮಾರು ಎರಡು ಪಟ್ಟು. ಅದೇ ಟಿಕೆಟ್ಟು, ಅದೇ ಥರದ ಜನ. ಲೆಕ್ಕ ಓದುವ ಎಂಬಿಎ ಹುಡುಗರೇ ಹೀಗೆ ಮಾಡಿದರೆ ನನ್ನಂಥವನ ಪಾಡೇನು ಅಂತ ಅದನ್ನು ಓದಿದಾಗ ಸಮಾಧಾನವೇ ಆಯಿತು.

ನೋಟಿನ ಕಿರಿಕಿರಿಯನ್ನೂ ಹೇಳಬೇಕು. ಚಿಲ್ಲರೆ ಒಂದು ದೊಡ್ಡ ತಲೆನೋವು. ಎರಡು ಸಲ ಎಟಿಎಂ ಮುಂದೆ ಹೋಗಿ ದುಡ್ಡಿಲ್ಲದೆ ವಾಪಸ್ ಬಂದೆ. ಒಂದು ನೋಟು ಪ್ಯಾಂಟಿನ ಜೇಬಿನಲ್ಲೇ ಒಗೆದು, ಒಣಗಿ, ಉಂಡೆಯಾಗಿ ಸಿಕ್ಕಿತು. (ಆಸ್ಟ್ರೇಲಿಯಾದವರು 1988ರಲ್ಲೇ ಪ್ಲಾಸ್ಟಿಕ್ ನೋಟು ತಂದರು, ಅವರ ಹೆಂಡತಿಯರು ಬೈಯೋದು ಒಂದು ಕಡಿಮೆ ಆಗಿರಬೇಕು.) ಇನ್ನೊಂದು ನಿಜವಾದ ಕೊರತೆ: ಒಟ್ಟು ಎಷ್ಟು ಹೋಯಿತು ಅಂತ ಲಕೋಟೆ ಹೇಳುತ್ತದೆ, ಯಾವುದಕ್ಕೆ ಹೋಯಿತು ಅಂತ ಹೇಳೋದಿಲ್ಲ. ಪ್ರತಿ ರಾತ್ರಿ ಬರೆದಿಡುತ್ತೇನೆ ಅಂತ ಶುರುಮಾಡಿದ ಪುಸ್ತಕ ಎಂಟನೇ ದಿನಕ್ಕೆ ನಿಂತಿತು. ಕೊನೆಗೆ ಲೆಕ್ಕ ತಾಳೆ ಆಗದ ದುಡ್ಡನ್ನೆಲ್ಲ "ಇತರೆ" ಅಂತ ಬರೆದು ಕೈತೊಳೆದುಕೊಂಡೆ.

ಕಾರ್ಡಿನ ತಿಂಗಳು ಮಜವಾಗಿತ್ತು, ಸುಳ್ಳು ಯಾಕೆ ಹೇಳಲಿ. ಪಾಯಿಂಟು ಬರುತ್ತದೆ, ಹೆಚ್ಚುಕಡಿಮೆ ಒಂದೂವರೆ ತಿಂಗಳು ಬಡ್ಡಿಯಿಲ್ಲದೆ ಇನ್ನೊಬ್ಬರ ದುಡ್ಡಿನಲ್ಲಿ ಓಡಾಡಬಹುದು, ತಗೊಂಡ ವಸ್ತು ಸರಿಯಿಲ್ಲದೆ ಜಗಳ ಬಂದರೆ ಬ್ಯಾಂಕಿಗೆ ದೂರು ಕೊಟ್ಟು ವಾಪಸ್ ಕೇಳುವ ದಾರಿಯೂ ಇದೆ. ನಗದು ಕೊಟ್ಟಿದ್ದರೆ ಅದೆಲ್ಲಿ? ಆದರೆ ಆ ತಿಂಗಳ ಖರ್ಚು ನೋಟಿನ ತಿಂಗಳಿಗಿಂತ ಹೆಚ್ಚುಕಡಿಮೆ ಕಾಲು ಭಾಗ ಜಾಸ್ತಿ ಬಂತು. ಸ್ಟೇಟ್‌ಮೆಂಟ್ ಬಂದಾಗ ಒಂದೊಂದೇ ಸಾಲು ಓದಿದೆ. ಒಂದೂ ದಂಡದ ಖರ್ಚು ಅನ್ನಿಸಲಿಲ್ಲ, ಎಲ್ಲದಕ್ಕೂ ಕಾರಣವಿತ್ತು, ಒಟ್ಟು ಮಾತ್ರ ಎದೆ ಝಲ್ ಅನ್ನಿಸಿತು. ಆ ಹೆಡ್‌ಫೋನೂ ಅದರಲ್ಲಿತ್ತು. ಪೂರ್ತಿ ಬಾಕಿ ಕಟ್ಟಿದೆ, ಅದಕ್ಕೆ ಬಡ್ಡಿ ಬೀಳಲಿಲ್ಲ. ಬರೀ ಕನಿಷ್ಠ ಮೊತ್ತ ಕಟ್ಟಿ ಬಿಡುವ ಅಭ್ಯಾಸ ಇರುವವರು ದಯವಿಟ್ಟು ಈ ಆಟಕ್ಕೇ ಬರಬೇಡಿ.

ಫೋನಿನ ತಿಂಗಳು ನಾನು ಅಂದುಕೊಂಡ ಹಾಗೆ ಇರಲಿಲ್ಲ. ಒಟ್ಟು ಖರ್ಚು ಕಾರ್ಡಿಗಿಂತ ಕಡಿಮೆ, ನೋಟಿಗಿಂತ ಜಾಸ್ತಿ. ವಿಷಯ ಅದಲ್ಲ. ಎಷ್ಟು ಸಲ ಕೊಟ್ಟೆ ಅಂತ ಎಣಿಸಿದರೆ 143! ನೋಟಿನ ತಿಂಗಳಲ್ಲಿ ಚಿಲ್ಲರೆ ಇಲ್ಲ, ಜೇಬಿನಲ್ಲಿ ದೊಡ್ಡ ನೋಟು ಮಾತ್ರ ಇದೆ, ಅದನ್ನು ಒಡೆಸಬೇಕಲ್ಲ ಅಂತ ಬಿಟ್ಟಿದ್ದ ಸಣ್ಣ ಪುಟ್ಟ ಆಸೆಗಳೆಲ್ಲ ಇಲ್ಲಿ ತೀರಿದ್ದವು. ದೊಡ್ಡ ನೋಟು ಒಡೆಸೋಕೆ ಮನಸ್ಸು ಬರೋದಿಲ್ಲ ಅಲ್ವಾ, ಒಡೆಸಿದರೆ ಹೋಯಿತು ಅನ್ನೋ ಭಾವನೆ. ಫೋನಿನಲ್ಲಿ ಒಡೆಸೋ ನೋಟೇ ಇಲ್ಲ. ಅದರ ಮೇಲೆ ತಾನಾಗಿಯೇ ಕಟ್ ಆಗುವ ಚಂದಾ ಮೂರು ಸಿಕ್ಕವು, ಅದರಲ್ಲಿ ಒಂದನ್ನು ನಾನು ಬಳಸಿ ವರ್ಷವೇ ಆಗಿತ್ತು. ಆದರೆ ಇದನ್ನು ಹಿಡಿದುಕೊಟ್ಟಿದ್ದೂ ಫೋನೇ ಅನ್ನೋದನ್ನು ಒಪ್ಪಬೇಕು. ತಾರೀಖು, ಗಂಟೆ, ಹೆಸರು ಸಮೇತ ಪಟ್ಟಿ ಇತ್ತು. ಲಕೋಟೆಯಲ್ಲಿ ಅದು ಎಂದೂ ಸಿಗುತ್ತಿರಲಿಲ್ಲ.

ಇನ್ನು ವರ್ಕ್‌ಶಾಪು. ಮನೆಯಲ್ಲಿ ನಗದು ಗೆದ್ದಿತು ಅನ್ನಿ, ಇಲ್ಲಿ ಅಷ್ಟು ಸುಲಭವಿಲ್ಲ.

ನಗದಿನ ದೊಡ್ಡ ಗುಣ ಏನು ಅಂದರೆ, ಕೈಗೆ ಬಂತು ಅಂದರೆ ಬಂತು. ಸರ್ವರ್ ಇಲ್ಲ, ಪೆಂಡಿಂಗ್ ಇಲ್ಲ. ಫೋನಿನಲ್ಲಿ ಒಬ್ಬ ಗಿರಾಕಿ ಗಡಿಬಿಡಿಯಲ್ಲಿ ಬಂದು, "ಹೋಗಿದೆ ನೋಡಿ ಸಾರ್" ಅಂತ ಹಸಿರು ಟಿಕ್ ಇದ್ದ ಸ್ಕ್ರೀನು ತೋರಿಸಿ, ರಿಪೇರಿ ಆದ ಮಿಕ್ಸರ್ ತಗೊಂಡು ಹೋದ. ಸಂಜೆ ನೋಡಿದರೆ ದುಡ್ಡು ಬಂದೇ ಇಲ್ಲ. ಅದು ಹಳೇ ಸ್ಕ್ರೀನ್‌ಶಾಟು. ಅಂದಿನಿಂದ ನನ್ನ ಫೋನಿಗೆ ಮೆಸೇಜು ಬಂದ ಮೇಲೇ ವಸ್ತು ಕೊಡೋದು, ಗಿರಾಕಿಗೆ ಬೇಜಾರಾದರೂ ಸರಿ. ಕಾರ್ಡಿನಲ್ಲಿ ಈ ಮೋಸ ಇಲ್ಲ, ಆದರೆ ಅದರಲ್ಲಿ ಬ್ಯಾಂಕಿನವರ ಪಾಲು ಇದೆ. ಯುರೋಪಿನಲ್ಲಿ ಈ ಪಾಲು ಜಾಸ್ತಿಯಾಯಿತು ಅಂತ ಕಾನೂನೇ ತಂದು, 2015ರ ಡಿಸೆಂಬರ್‌ನಿಂದ ಕಾರ್ಡ್ ಕೊಟ್ಟ ಬ್ಯಾಂಕು ಪಡೆಯುವ ಭಾಗಕ್ಕೆ ಡೆಬಿಟ್‌ನಲ್ಲಿ ಶೇ. 0.2, ಕ್ರೆಡಿಟ್‌ನಲ್ಲಿ ಶೇ. 0.3 ಅಂತ ಮಿತಿ ಹಾಕಿದರು. ಕೇಳೋಕೆ ಚಿಲ್ಲರೆ ಥರ ಕಾಣುತ್ತದೆ. ಲಾಭವೇ ನೂರಕ್ಕೆ ಎಂಟು ಹತ್ತು ಉಳಿಯುವ ವ್ಯಾಪಾರದಲ್ಲಿ ಕೂತು ನೋಡಿ, ಆಗ ಗೊತ್ತಾಗುತ್ತದೆ.

ಹಾಗಂತ ನಗದು ಬಿಟ್ಟಿ ಅಂದುಕೊಳ್ಳಬೇಡಿ. ರಾತ್ರಿ ಬಾಗಿಲು ಹಾಕಿದ ಮೇಲೆ ಗಲ್ಲಾಪೆಟ್ಟಿಗೆ ಎಣಿಸೋದಕ್ಕೆ ಅರ್ಧ ಗಂಟೆ. ಬೆರಳಿಗೆ ನೀರು ಮುಟ್ಟಿಸಿ ಎಣಿಸುತ್ತೇನೆ, ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿಂದ. ವಾರಕ್ಕೆರಡು ಸಲ ಬ್ಯಾಂಕಿಗೆ ಕಟ್ಟೋಕೆ ಹೋಗಬೇಕು. ಖೋಟಾ ನೋಟಿನ ಭಯ. ಕೆಲಸದ ಹುಡುಗನ ಮೇಲೆ ಒಂದು ದಿನ ಅನುಮಾನಪಟ್ಟೆ, ಆಮೇಲೆ ನೋಡಿದರೆ ನಾನೇ ಬಿಡಿಭಾಗದವನಿಗೆ ಗಲ್ಲಾದಿಂದ ಕೊಟ್ಟು ಬರೆಯೋದು ಮರೆತಿದ್ದೆ. ಆ ಹುಡುಗನ ಮುಖ ನೋಡೋಕೆ ಎರಡು ದಿನ ಆಗಲಿಲ್ಲ. ಇದೊಂದು ಕಾರಣಕ್ಕೇ ವರ್ಕ್‌ಶಾಪಿನಲ್ಲಿ ನಾನು ಫೋನಿಗೇ ಹೆಚ್ಚು ಅಂಕ ಕೊಡೋದು.

ಆದರೆ ವ್ಯಾಪಾರದಲ್ಲಿ ನಿಜವಾದ ಪೈಪೋಟಿ ನೋಟಿಗೂ ಫೋನಿಗೂ ಅಲ್ಲ. ಕೈಯಲ್ಲಿರುವ ದುಡ್ಡಿಗೂ ಕಾಗದದ ಮೇಲಿನ ಲಾಭಕ್ಕೂ. ನನ್ನ ಅತಿ ಹೆಚ್ಚು ಲಾಭದ ತಿಂಗಳಲ್ಲೇ ಹುಡುಗನಿಗೆ ಸಂಬಳ ಕೊಡೋಕೆ ಒದ್ದಾಡಿದ್ದೇನೆ ಅಂದರೆ ನಂಬುತ್ತೀರಾ? ಒಂದು ಕಂಪನಿಯವರು ಇಪ್ಪತ್ತು ಮೋಟಾರು ರಿಪೇರಿಗೆ ಕೊಟ್ಟರು. ಬಿಡಿಭಾಗವೆಲ್ಲ ನಾನು ಕೈಯಿಂದ ಹಾಕಿ ತಂದೆ. ಬಿಲ್ಲು ದೊಡ್ಡದು, ಲಾಭ ಚೆನ್ನಾಗಿತ್ತು, ಕೊಡೋದು ಮಾತ್ರ ಎರಡು ತಿಂಗಳಾದ ಮೇಲೆ. ಪುಸ್ತಕದಲ್ಲಿ ನಾನು ಸಾಹುಕಾರ, ಗಲ್ಲಾದಲ್ಲಿ ಹುಳ. ಉದ್ರಿ ವ್ಯಾಪಾರ ಮಾಡಿದವರಿಗೆಲ್ಲ ಇದು ಗೊತ್ತು, ಆದರೂ ದೊಡ್ಡ ಆರ್ಡರ್ ಬಂದಾಗ ಮರೆಯುತ್ತೇವೆ. ಈಗ ಅರ್ಧ ಮುಂಗಡ ಇಲ್ಲದೆ ಸ್ಕ್ರೂ ಬಿಚ್ಚೋದಿಲ್ಲ. ಮುಂಗಡ ಯಾವ ರೂಪದಲ್ಲಿ ಬಂದರೂ ನನಗೆ ಒಂದೇ.

ನಗದು ಬೇಡವೇ ಬೇಡ ಅಂತ ವಾದಿಸುವ ಗೆಳೆಯನೊಬ್ಬ ಇದ್ದಾನೆ. ನೋಟು ಅಂದರೆ ಕಳ್ಳದುಡ್ಡು ಅನ್ನುತ್ತಾನೆ. ಸುಳ್ಳೇನಲ್ಲ. 500 ಯೂರೋ ನೋಟನ್ನು ಅಕ್ರಮಕ್ಕೆ ಅನುಕೂಲ ಆಗುತ್ತದೆ ಅಂತಲೇ ಯುರೋಪಿನ ಕೇಂದ್ರೀಯ ಬ್ಯಾಂಕು ನಿಲ್ಲಿಸಿತು, 2016ರಲ್ಲಿ ತೀರ್ಮಾನ, 2019ರಲ್ಲಿ ಹೊರಡಿಸೋದೇ ಬಂದ್. ನನ್ನ ಹತ್ತಿರವೂ "ಬಿಲ್ ಬೇಡ, ಸ್ವಲ್ಪ ಕಡಿಮೆ ಮಾಡಿ" ಅನ್ನುವವರ ಕೈಯಲ್ಲಿ ಇರೋದು ಯಾವಾಗಲೂ ನೋಟೇ. ಆದರೆ ವರ್ಕ್‌ಶಾಪು ಗುಡಿಸೋಕೆ ಬರುವ ಹೆಂಗಸು ಒಬ್ಬರು ಇದ್ದಾರೆ. ಸಂಬಳ ಖಾತೆಗೆ ಹಾಕುತ್ತೇನೆ ಅಂದಾಗ ಸುಮಾರು ಹೊತ್ತು ಮಾತಾಡಲಿಲ್ಲ, ಆಮೇಲೆ "ಅರ್ಧ ಕೈಗೇ ಕೊಡಿ ಅಣ್ಣಾ" ಅಂದರು. ಖಾತೆಯ ಮೆಸೇಜು ಹೋಗೋದು ಗಂಡನ ಫೋನಿಗೆ. ಆ ಅರ್ಧ ನಗದು ಇಲ್ಲದಿದ್ದರೆ ಅವರದು ಅಂತ ಏನೂ ಉಳಿಯೋದಿಲ್ಲ. ಕಳ್ಳನನ್ನು ಮುಚ್ಚಿಡುವ ಕತ್ತಲೆಯೇ ಇವರನ್ನೂ ಕಾಯುತ್ತಿದೆ. ಗೆಳೆಯನಿಗೆ ಇದನ್ನು ಹೇಳಿದೆ, ಅವನು ಮಾತು ಬದಲಿಸಿದ.

ಇನ್ನೊಂದು, ಯಂತ್ರ ಕೈಕೊಟ್ಟ ದಿನ. 2018ರ ಜೂನ್ 1ರಂದು ಯುರೋಪಿನಲ್ಲಿ ವೀಸಾ ಅನ್ನೋ ಕಾರ್ಡ್ ಕಂಪನಿಯ ವ್ಯವಸ್ಥೆ ಕೆಟ್ಟು ಸುಮಾರು 52 ಲಕ್ಷ ಪಾವತಿಗಳು ಆಗಲಿಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ನಲ್ಲಿ ಕರೆಂಟೇ ಹೋಯಿತು, ಕಾರ್ಡು ಉಜ್ಜೋಕೆ ಮೆಷಿನ್ ಇಲ್ಲ, ನಗದು ಇದ್ದವರು ಸಾಮಾನು ತಂದರು. ನಗದು ಬಳಸೋದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟ ಸ್ವೀಡನ್ ಈಗ ತನ್ನ ಜನರಿಗೆ, ಕನಿಷ್ಠ ಒಂದು ವಾರಕ್ಕಾಗುವಷ್ಟು ನಗದು ಮನೆಯಲ್ಲಿಡಿ ಅಂತ ಹೇಳುತ್ತಿದೆ. 1661ರಲ್ಲಿ ಯುರೋಪಿಗೆ ಮೊದಲ ಬ್ಯಾಂಕ್ ನೋಟು ತೋರಿಸಿದ್ದೂ ಅದೇ ಸ್ವೀಡನ್. ಪಕ್ಕದ ನಾರ್ವೆಯಲ್ಲಿ 2024ರ ಅಕ್ಟೋಬರ್‌ನಿಂದ ಅಂಗಡಿಗೆ ಹೋದವರು ನಗದು ಕೊಟ್ಟರೆ ಬೇಡ ಅನ್ನುವ ಹಾಗಿಲ್ಲ ಅಂತ ಕಾನೂನು ಬಿಗಿ ಮಾಡಿದರು.

ಹಾಗಾದರೆ ಉಳಿತಾಯವನ್ನೂ ಪೆಟ್ಟಿಗೆಯಲ್ಲಿ ಇಡೋಣವಾ? ಖಂಡಿತ ಬೇಡ, ಇಲ್ಲಿ ನಗದು ಪೂರ್ತಿ ಸೋಲುತ್ತದೆ. ವರ್ಷಕ್ಕೆ ಶೇ. 6ರಷ್ಟು ಬೆಲೆ ಏರುತ್ತಾ ಹೋದರೆ 12 ವರ್ಷಕ್ಕೆ ಪೆಟ್ಟಿಗೆಯ ದುಡ್ಡಿನ ಬೆಲೆ ಅರ್ಧ. ಕಳ್ಳ ಬರಲೇಬೇಕಾಗಿಲ್ಲ. ಸರ್ಕಾರ ಒಂದು ರಾತ್ರಿ ಈ ನೋಟು ನಡೆಯೋದಿಲ್ಲ ಅಂದರೂ ಅಷ್ಟೇ. 2016ರ ನವೆಂಬರ್ 8ರಂದು ಭಾರತದಲ್ಲಿ ಚಲಾವಣೆಯಲ್ಲಿದ್ದ ಹಣದಲ್ಲಿ ಮೌಲ್ಯದ ಲೆಕ್ಕದಲ್ಲಿ ಶೇ. 86ರಷ್ಟು ಹಾಗೆ ಹೋಯಿತು. ಬ್ಯಾಂಕಿನಲ್ಲಿದ್ದರೆ ನಿಶ್ಚಿಂತೆ ಅಂತಲೂ ಹೇಳೋ ಹಾಗಿಲ್ಲ, 2015ರ ಬೇಸಿಗೆಯಲ್ಲಿ ಗ್ರೀಸಿನ ಜನ ದಿನಕ್ಕೆ ಹೆಚ್ಚೆಂದರೆ 60 ಯೂರೋ ಅನ್ನೋ ಮಿತಿಯಲ್ಲಿ ದುಡ್ಡು ತೆಗೆಯೋಕೆ ಎಟಿಎಂ ಮುಂದೆ ಸಾಲು ನಿಂತಿದ್ದರು. ಎರಡೂ ಕಡೆ ಸ್ವಲ್ಪ ಸ್ವಲ್ಪ ಇರಲಿ ಅಂತ ನನ್ನ ಲೆಕ್ಕ. ಹತ್ತು ದಿನದ ಖರ್ಚಿನಷ್ಟು ನಗದು ಮನೆಯಲ್ಲಿ, ನಾಲ್ಕು ತಿಂಗಳದ್ದು ಬೇಕೆಂದಾಗ ತೆಗೆಯಬಹುದಾದ ಖಾತೆಯಲ್ಲಿ, ಮಿಕ್ಕಿದ್ದು ಬೆಳೆಯುವ ಕಡೆ.

ಈಗ ಮೇಲ್ಖರ್ಚಿಗೆ ಮತ್ತು ಓಡಾಟಕ್ಕೆ ಮಾತ್ರ ಲಕೋಟೆ ಉಳಿಸಿಕೊಂಡಿದ್ದೇವೆ. ದಿನಸಿಗೆ, ಮಕ್ಕಳ ಖರ್ಚಿಗೆ ಫೋನು, ಅಲ್ಲಿ ಪಟ್ಟಿ ಬೇಕಾಗುತ್ತದೆ. ಕಾರ್ಡು ದೊಡ್ಡ ವಸ್ತು ತಗೊಳ್ಳುವಾಗ ಮಾತ್ರ, ಅದೂ ಇಬ್ಬರೂ ಒಪ್ಪಿದ ಮೇಲೆ. ಹತ್ತು ದಿನದ ನಗದು ಒಂದು ಹಳೇ ತಗಡಿನ ಡಬ್ಬಿಯಲ್ಲಿದೆ, ಎಲ್ಲಿದೆ ಅಂತ ಕೇಳಬೇಡಿ. ಮೊನ್ನೆ ಅದನ್ನು ಎಣಿಸೋಣ ಅಂತ ತೆಗೆದರೆ ಎರಡು ನೋಟು ಕಡಿಮೆ. ಹೆಂಡತಿಯನ್ನು ಕೂಗಬೇಕು ಅನ್ನುವಷ್ಟರಲ್ಲಿ ತಳದಲ್ಲೊಂದು ಚೀಟಿ ಸಿಕ್ಕಿತು: "ಸೋಮವಾರ ಹಾಕ್ತೀನಿ." ಅಕ್ಷರ ನನ್ನದೇ. ಯಾವ ಸೋಮವಾರ ಅಂತ ಬರೆದಿರಲಿಲ್ಲ.