ಶೆನಿನ್ ಬ್ಲಾಂ: ಸಾವೆನಿಯೇರೋ, ವೂವ್ರೇಯೋ?

ಸಾವೆನಿಯೇರ್, ವೂವ್ರೇ ಎರಡೂ ಬಿಳಿ ವೈನಿನ ಊರುಗಳು. ದ್ರಾಕ್ಷಿ ಒಂದೇ, ಶೆನಿನ್ ಬ್ಲಾಂ; ನದಿಯೂ ಒಂದೇ, ಫ್ರಾನ್ಸಿನ ಲುವಾರ್. ಆದರೂ ರುಚಿಯಲ್ಲಿ ಅಜಗಜಾಂತರ.

ಸಾವೆನಿಯೇರ್‌ನ ಕೂಲೇ ದ ಸೆರಾಂ ಸುಮಾರು 7 ಹೆಕ್ಟೇರಿನ ತೋಟ, ಪೂರ್ತಿ ಜೋಲಿ ಕುಟುಂಬದ್ದು. 12ನೇ ಶತಮಾನದಲ್ಲಿ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ದ್ರಾಕ್ಷಿ ನೆಟ್ಟ ನೆಲವಿದು. ನಿಕೊಲಾ ಜೋಲಿ ಇಲ್ಲಿ 1980ರ ದಶಕದಿಂದ ಜೈವಿಕ ಚೈತನ್ಯ ಕೃಷಿ (ಬಯೋಡೈನಾಮಿಕ್: ರಾಸಾಯನಿಕ ಗೊಬ್ಬರವಿಲ್ಲದೆ, ಚಂದ್ರ-ಗ್ರಹಗಳ ಗತಿ ನೋಡಿ ಮಾಡುವ ಬೇಸಾಯ) ನಡೆಸಿದರು. ಶಿಸ್ಟ್ ಕಲ್ಲಿನ ಇಳಿಜಾರಿನ ಈ ವೈನ್ ಸಿಹಿಯಿಲ್ಲದ್ದು, ಗಂಭೀರ. ಜೇನು, ಮಾಗಿದ ಸೇಬು, ಮೇಣದ ಪರಿಮಳ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬಡಿಸುವ ಹಲವು ಗಂಟೆ ಮೊದಲೇ ಬಾಟಲಿ ತೆರೆಯಲೇಬೇಕು. ಬೆಲೆಯೂ ದುಬಾರಿ.

ವೂವ್ರೇಯ ವೈನ್ ತಯಾರಕ ಸಂಸ್ಥೆ ಡೊಮೇನ್ ಉಯೆ 1928ರಲ್ಲಿ ಆರಂಭವಾಯಿತು. ಇಲ್ಲಿನ ವೈನ್‌ಗಳಲ್ಲಿ ಸೆಕ್ ಸಿಹಿಯಿಲ್ಲದ್ದು, ಡೆಮಿ-ಸೆಕ್ ನಸುಸಿಹಿ, ಮುವಲ್ಯೂ ಸಿಹಿ. ಲೇಬಲ್ ನೋಡಿ ಆರಿಸಿ.

ಮೊದಲ ಬಾರಿಗಾದರೆ ಉಯೆಯ ಡೆಮಿ-ಸೆಕ್ ಕೊಳ್ಳಿ: ಹುಳಿ-ಸಿಹಿಯ ಹದ ಖಾರದ ಊಟಕ್ಕೂ ಒಗ್ಗುತ್ತದೆ. ತಾಳ್ಮೆಯಿದ್ದವರಿಗೆ ಮಾತ್ರ ಕೂಲೇ ದ ಸೆರಾಂ.