ಬೇರೆ ಗೆಲಾಕ್ಸಿಯಲ್ಲಿ ರಂಜಕ ಹುಡುಕಲು ಆಲ್ಕೆಮಿ ದತ್ತಾಂಶ ಹೇಗಿದೆ?

ಆಕಾಶಗಂಗೆಯ ಆಚೆ ರಂಜಕವಿರುವ ಅಣು ಮೊದಲು ಸಿಕ್ಕಿದ ವರದಿ ಬಂದದ್ದು 2022ರಲ್ಲಿ: ಎನ್‌ಜಿಸಿ 253 ಗೆಲಾಕ್ಸಿಯ ಎರಡು ದೈತ್ಯ ಅಣುಮೋಡಗಳಲ್ಲಿ ರಂಜಕದ ನೈಟ್ರೈಡ್, ಅಂದರೆ ಪಿಎನ್. ಅದು ಹೊರಬಿದ್ದದ್ದು ಆಲ್ಕೆಮಿಯಿಂದ, ಅಂದರೆ ಈ ಗೆಲಾಕ್ಸಿಯ ಕೇಂದ್ರದ ಅಣುರೇಖೆಗಳನ್ನು ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ಸಮೂಹದಲ್ಲಿ ದಾಖಲಿಸಿದ ಸಮೀಕ್ಷೆಯಿಂದ. ಅದರ ದತ್ತಾಂಶ ಆಲ್ಮಾ ಆರ್ಕೈವ್‌ನಲ್ಲಿ ಉಚಿತ, ಲಾಗಿನ್ ಬೇಕಿಲ್ಲ. ಯೋಜನಾ ಸಂಖ್ಯೆ 2017.1.00161.ಎಲ್ ಎಂದು ಹುಡುಕಿ.

ವ್ಯಾಪ್ತಿ 84ರಿಂದ 373 ಗಿಗಾಹರ್ಟ್ಸ್. ಎಲ್ಲ ಬ್ಯಾಂಡ್‌ಗಳಿಗೂ 1.6 ಆರ್ಕ್‌ಸೆಕೆಂಡಿನ ಒಂದೇ ಬೀಮ್ (ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಜಾಗ) ಇರುವುದೇ ಇದರ ದೊಡ್ಡ ಗುಣ. 1.1 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಅದು ಸುಮಾರು 90 ಜ್ಯೋತಿರ್ವರ್ಷ. ಹಾಗಾಗಿ ಪಿಎನ್ ಅಣು ಒಂದು ಸುತ್ತುಮಟ್ಟದಿಂದ ಕೆಳಗಿನದಕ್ಕೆ ಇಳಿಯುವಾಗ ಹೊಮ್ಮುವ 2–1 (93.980 ಗಿಗಾಹರ್ಟ್ಸ್, ಮುಂದಿನ ಆವರ್ತನಗಳೂ ಇದೇ ಮಾನದಲ್ಲಿ) ಮತ್ತು 3–2 (140.968) ರೇಖೆಗಳನ್ನು ನೇರವಾಗಿ ಹೋಲಿಸಬಹುದು.

ಎಡವುವುದು 3–2ರಲ್ಲಿ. ಗೆಲಾಕ್ಸಿ ಸೆಕೆಂಡಿಗೆ ಸುಮಾರು 240 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿರುವುದರಿಂದ ಆ ರೇಖೆ 140.85ರ ಬಳಿ ಕಾಣುತ್ತದೆ. ಫಾರ್ಮಾಲ್ಡಿಹೈಡ್ ಅಣುವಿನ ಒಂದು ರೇಖೆಯ ಮೂಲ (ದೂರ ಸರಿಯದಿದ್ದಾಗಿನ) ಆವರ್ತನ 140.840! ವೇಗ ತಿದ್ದದೆ ಹೆಸರು ಹಚ್ಚಿದರೆ ಕೈಗೆ ಬಂದ ಪಿಎನ್ ಬೇರೆ ಅಣುವಿನ ಪಾಲಾಗುತ್ತದೆ. ತಿದ್ದಿದ ಮೇಲೂ ಫಾರ್ಮಾಲ್ಡಿಹೈಡ್ ವೇಗದ ಲೆಕ್ಕದಲ್ಲಿ ಸೆಕೆಂಡಿಗೆ 270 ಕಿ.ಮೀ. ಅಂತರದಲ್ಲೇ ಇರುತ್ತದೆ, ಅದರ ಅಗಲ ರೆಕ್ಕೆ ತಳರೇಖೆಯನ್ನು ಎತ್ತಬಹುದು. ಮೊದಲು ಅದನ್ನು ಫಿಟ್ ಮಾಡಿ ಕಳೆಯಿರಿ, ಆಮೇಲೆ ಪಿಎನ್.

ಗೆಲಾಕ್ಸಿಯ ಕೇಂದ್ರವನ್ನೆಲ್ಲ ಸೇರಿಸಿ ಸರಾಸರಿ ತೆಗೆಯಬೇಡಿ. ಸುತ್ತುವ ವೇಗ ರೇಖೆಯನ್ನು ಹರಡಿಬಿಡುತ್ತದೆ. ಆಘಾತ ತರಂಗ ಧೂಳಿನ ಕಣಗಳನ್ನು ಕೆತ್ತಿದಲ್ಲಿ ಪಿಎನ್ ಹೊರಬರುತ್ತದೆ, ಸಿಲಿಕಾನ್ ಮಾನಾಕ್ಸೈಡ್ ಕೂಡ. ಆದ್ದರಿಂದ 86.847ರ ಸಿಲಿಕಾನ್ ಮಾನಾಕ್ಸೈಡ್ ನಕ್ಷೆಯ ಶಿಖರಗಳಲ್ಲಿ ಒಂದೊಂದು ಬೀಮ್‌ನಷ್ಟು ರೋಹಿತ ತೆಗೆಯಿರಿ. ಪಿಎನ್‌ನ ಉದ್ದೀಪನ ತಾಪ (ಅಣುಗಳು ಶಕ್ತಿಮಟ್ಟಗಳಲ್ಲಿ ಹಂಚಿಕೊಂಡಿರುವ ರೀತಿಯನ್ನು ಹೇಳುವ ತಾಪ) ಕೆಲವೇ ಕೆಲ್ವಿನ್. ಅನಿಲ ಬಿಸಿಯಿದ್ದರೂ ಅಣುಗಳನ್ನು ಆ ತಾಪಕ್ಕೆ ಏರಿಸಲು ಸಾಂದ್ರತೆ ಸಾಲದು. ಅನಿಲದ ತಾಪವನ್ನೇ ಹಾಕಿದರೆ ಅಣುಗಳ ಲೆಕ್ಕ ತಪ್ಪುತ್ತದೆ. ರೇಖೆಗಳ ಬಲ ಲೆಕ್ಕಹಾಕುವ ರಾಡೆಕ್ಸ್ ತಂತ್ರಾಂಶದಲ್ಲಿ ಒಮ್ಮೆ ಪರೀಕ್ಷಿಸಿ.

ಇಳಿಸಿಕೊಳ್ಳುವ ಮುನ್ನ ಕಾರ್ಟಾ (ಚಿತ್ರ ನೋಡುವ ತಂತ್ರಾಂಶ) ಮುನ್ನೋಟ ನೋಡಿ, ಪ್ರಾಥಮಿಕ ಬೀಮ್ (ಅಂಚಿನತ್ತ ಕುಗ್ಗುವ ಆಂಟೆನಾ ಸಂವೇದನೆ) ತಿದ್ದಿದ ಕ್ಯೂಬ್, ಅಂದರೆ ಪ್ರತಿ ಆವರ್ತನಕ್ಕೂ ಒಂದು ಚಿತ್ರವಿರುವ ಕಡತ, ಆರಿಸಿ. ಕಚ್ಚಾ ದತ್ತಾಂಶದಿಂದ ಶುರುಮಾಡುವುದಾದರೆ ಸ್ಕ್ರಿಪ್ಟ್‌ಗೆ ತಕ್ಕ ಕಾಸಾ (ಆಲ್ಮಾ ದತ್ತಾಂಶ ಸಂಸ್ಕರಿಸುವ ತಂತ್ರಾಂಶ) ಆವೃತ್ತಿಯೇ ಬೇಕು, ಇದು ನಿಜಕ್ಕೂ ತೊಡಕು.

ರಂಜಕದ ಮಾನಾಕ್ಸೈಡ್, ಅಂದರೆ ಪಿಒ ಹುಡುಕುವವರಿಗೆ ಮಾತ್ರ ಇದನ್ನು ಶಿಫಾರಸು ಮಾಡಲಾರೆ. ಆಕಾಶಗಂಗೆಯಲ್ಲಿ ಎರಡನ್ನೂ ಅಳೆದ ಕಡೆ ಸಾಮಾನ್ಯವಾಗಿ ಪಿಒ ಹೆಚ್ಚು. ಇಲ್ಲಿ ಪಿಒಗೆ ಸಿಕ್ಕಿದ್ದು ಮೇಲ್ಮಿತಿ (ಇದಕ್ಕಿಂತ ಹೆಚ್ಚಿಲ್ಲ ಎಂಬ ಲೆಕ್ಕ) ಮಾತ್ರ. 109ರ ಬಳಿಯ ನಾಲ್ಕು ರೇಖೆಗಳಲ್ಲಿ 109.206ಕ್ಕೆ ಸಯನೋಅಸೆಟಿಲೀನ್ (109.174), 109.281ಕ್ಕೆ ಸಲ್ಫರ್ ಮಾನಾಕ್ಸೈಡ್ (109.252) ಅಂಟಿಕೊಂಡಿವೆ. ಅಂತರ ಸೆಕೆಂಡಿಗೆ 80–90 ಕಿ.ಮೀ. ಅಷ್ಟೇ, ಈ ಗೆಲಾಕ್ಸಿಯ ರೇಖೆಗಳ ಅಗಲವೂ ಹೆಚ್ಚುಕಡಿಮೆ ಅಷ್ಟೇ. 152.66ರಿಂದ 152.89ರವರೆಗಿನ ಗುಂಪನ್ನೂ ನೋಡಿ, ಆದರೆ ಅಲ್ಲಿ ಅಕ್ಕಪಕ್ಕದ ಜೋಡಿಗಳು ಬೆರೆತು ಎರಡೇ ಉಬ್ಬುಗಳಾಗುತ್ತವೆ.