ಅರ್ಧ ಫೋನು, ಅರ್ಧ ಆಸ್ಪತ್ರೆ: ರಾಯಚೂರಿನ ಹದಿಹರೆಯದವರಿಗೆ ಸಾಲುತ್ತದೆಯೇ?

ತಮ್ಮನ್ನೇ ಗಾಯಪಡಿಸಿಕೊಳ್ಳುವ ಮಕ್ಕಳಿಗೆ ಇಲ್ಲಿ ಕೈಗೆಟುಕುವ ಜೋಡಿ ಇದು: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ (14416, ಉಚಿತ, 24 ಗಂಟೆ, ಕನ್ನಡದಲ್ಲೂ) ಮತ್ತು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗ. ಮೊದಲ ಭೇಟಿ ಮುಖಾಮುಖಿಯೇ ಆಗಲಿ. ಗಾಯ, ಅಪಾಯ, ಮನೆಯವರ ವರ್ತನೆ ಪರದೆಯಲ್ಲಿ ಪೂರ್ತಿ ಕಾಣುವುದಿಲ್ಲ. ಅಲ್ಲೇ ಸುರಕ್ಷತಾ ಯೋಜನೆ ಬರೆಸಿಕೊಳ್ಳಿ. ಮುನ್ಸೂಚನೆಗಳು, ಮನಸ್ಸು ತಿರುಗಿಸುವ ದಾರಿಗಳು, ಕರೆ ಮಾಡಬೇಕಾದವರು, ಮನೆಯಲ್ಲಿ ಎತ್ತಿಡಬೇಕಾದ ವಸ್ತುಗಳು ಅದರಲ್ಲಿರಬೇಕು.

ಆಮೇಲೆ ಡಿಬಿಟಿ (ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆ) ಕೌಶಲಗಳ ಅಭ್ಯಾಸವನ್ನು ಚಿಕಿತ್ಸಕರೊಡನೆ ವಾರದ ವಿಡಿಯೊ ಕರೆಯಲ್ಲೂ ಮುಂದುವರಿಸಬಹುದು. ಎಡವುವುದು ಗೋಪ್ಯತೆಯಲ್ಲಿ. ಒಂದೇ ಕೋಣೆ, ಅವ್ವನ ಮೊಬೈಲು, ಪಕ್ಕದಲ್ಲೇ ಟಿವಿ! ಇಯರ್‌ಫೋನ್ ಹಾಕಿ, ಹೌದು–ಇಲ್ಲ ಎಂದಷ್ಟೇ ಉತ್ತರಿಸುವ ಒಪ್ಪಂದ ಮೊದಲೇ ಇರಲಿ. ಕರೆ ಕಡಿದರೆ ಯಾರು ಮರಳಿ ಮಾಡಬೇಕೆಂಬುದೂ. ಸಹಾಯವಾಣಿ ವಾರವಾರದ ಚಿಕಿತ್ಸೆಗೆ ಬದಲಿಯಲ್ಲ. ಗಾಯ ಆಳವಾಗಿದ್ದರೆ, ಸಾಯುವ ಮಾತು ಬಂದರೆ, ಒಬ್ಬರನ್ನೇ ಬಿಡದೆ 108ಕ್ಕೆ ಕರೆ ಮಾಡಿ.